ಸೋಸಿದ ವಿಷ ಯಾರ ಅಂಗಳಕ್ಕೆ?

ಕಬ್ಬಿನ ಸಿಪ್ಪೆ, ಶೇಂಗಾ ಹೊಟ್ಟು, ದಾಳಿಂಬೆಯ ಸಿಪ್ಪೆ, ಹುಣಸೆ ಬೀಜದ ಹೊರಪೊರೆ, ಗೋವಿನಜೋಳದ ಬೆಂಡು - ಇವೆಲ್ಲ ನಮ್ಮ ಜಿಲ್ಲೆಯ ಹೊಲ, ಗಿರಣಿ, ಅಡತಿ ಅಂಗಡಿಗಳಲ್ಲಿ ವರ್ಷವರ್ಷವೂ ರಾಶಿ ಬೀಳುವ ವಸ್ತುಗಳು. ಇವನ್ನು ತೊಳೆದು, ಒಣಗಿಸಿ, ತಕ್ಕ ಸಂಸ್ಕಾರ ಕೊಟ್ಟರೆ ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಮ್ ಮುಂತಾದ ಭಾರಲೋಹಗಳನ್ನು ಹಿಡಿದು ನಿಲ್ಲಿಸಬಲ್ಲವೆಂದು ದೇಶವಿದೇಶಗಳ ರಸಾಯನಶಾಲೆಗಳು ಹಲವು ದಶಕಗಳಿಂದ ತೋರಿಸಿಕೊಡುತ್ತ ಬಂದಿವೆ. ದುಬಾರಿ ಯಂತ್ರವಿಲ್ಲದೆ, ನಮ್ಮದೇ ಹೊಲದ ಸಿಪ್ಪೆಯಿಂದ ನೀರಿನ ವಿಷ ತೆಗೆಯಬಹುದೆಂದರೆ ಅದು ಬಡವರಿಗೆ ಸಂತೋಷದ ಸುದ್ದಿಯೇ ಸರಿ. ಆದರೆ ಸುದ್ದಿ ಸಂತೋಷದ್ದಾದ ಮಾತ್ರಕ್ಕೆ ಕೆಲಸ ಆದಂತಾಗಲಿಲ್ಲ. ಈ ವಿದ್ಯೆಯಿಂದ ಯಾರಿಗೆ ಏನು ಸಿಗಬೇಕು, ಇದರ ಖರ್ಚು ಯಾರು ಹೊರಬೇಕು, ಕೊನೆಗೆ ಸಿಪ್ಪೆಯ ಮೈಗೆ ಅಂಟಿದ ವಿಷವನ್ನು ಯಾರ ಅಂಗಳದಲ್ಲಿ ಸುರಿಯಬೇಕು - ಈ ಪ್ರಶ್ನೆಗಳನ್ನು ಗಿರಣಿ ಕಾಮಗಾರರೂ ಸಣ್ಣ ವ್ಯಾಪಾರಿಗಳೂ ಈಗಲೇ ಕೇಳದಿದ್ದರೆ, ಉತ್ತರವನ್ನು ಬೇರೆಯವರು ತಮಗೆ ಬೇಕಾದಂತೆ ಬರೆದುಕೊಳ್ಳುವರು.

ಕುದಿಸಿದರೂ ಹೋಗದ ವಿಷ

ಕೆಟ್ಟ ನೀರೆಂದರೆ ಕೆಸರಿನ ನೀರು, ನಾತ ಹೊಡೆಯುವ ನೀರು ಎಂದೇ ನಮ್ಮ ಜನ ತಿಳಿದಿದ್ದಾರೆ. ಕೆಸರಿಗೆ ನಮ್ಮ ಹಿರಿಯರ ಬಳಿ ಉಪಾಯವಿತ್ತು. ಚಿಲ್ಲದ ಬೀಜವನ್ನು ತೇಯ್ದು ಕೊಡಕ್ಕೆ ಹಾಕುತ್ತಿದ್ದರು. ನುಗ್ಗೆ ಬೀಜದ ಪುಡಿಯೂ ಅದೇ ಕೆಲಸ ಮಾಡುತ್ತದೆ. ರಾಡಿ ತಳಕ್ಕಿಳಿದು ನೀರು ತಿಳಿಯಾಗುತ್ತದೆ. ರೋಗದ ಹುಳು ಸಾಯಬೇಕಾದರೆ ನೀರು ಕುದಿಸಿದರಾಯಿತು. ಆದರೆ ಕರಗಿದ ಸೀಸ ತಿಳಿನೀರಿನಲ್ಲಿಯೂ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ನಾತವಿಲ್ಲ. ಬಟ್ಟೆಯಲ್ಲಿ ಸೋಸಿದರೆ ಅದು ನಿಲ್ಲದು. ಕುದಿಸಿದರೆ ಹುಳು ಸಾಯುತ್ತದೆ, ಲೋಹ ಸಾಯುವುದಿಲ್ಲ. ಆವಿಯಾಗಿ ಹೋಗುವುದು ನೀರು, ಉಳಿದ ನೀರಿನಲ್ಲಿ ಲೋಹ ಇನ್ನಷ್ಟು ಗಟ್ಟಿಯಾಗುತ್ತದೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ೨೦೧೨ರಲ್ಲಿ ಪ್ರಕಟಿಸಿದ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಸೀಸ ೦.೦೧ ಮಿಲಿಗ್ರಾಂ ಮೀರಕೂಡದು. ಕ್ಯಾಡ್ಮಿಯಮ್ ೦.೦೦೩, ಪಾದರಸ ೦.೦೦೧, ಕ್ರೋಮಿಯಮ್ ೦.೦೫ ಮಿಲಿಗ್ರಾಂ. ಈ ಅಂಕಿಗಳು ಎಷ್ಟು ಚಿಕ್ಕವೆಂಬುದನ್ನು ನಮ್ಮ ಓದುಗರು ಟ್ಯಾಂಕರಿನ ಲೆಕ್ಕದಲ್ಲಿ ನೋಡಲಿ. ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರುಗಳಲ್ಲಿ ಒಟ್ಟು ಒಂದು ಗ್ರಾಂ ಸೀಸವಿದ್ದರೆ ಮಿತಿ ಮುಟ್ಟಿತು. ಸೀಸ ಎಳೆಯ ಮಕ್ಕಳ ಬುದ್ಧಿ ಬೆಳೆಯದಂತೆ ಮಾಡುತ್ತದೆ, ದೊಡ್ಡವರ ರಕ್ತ ಕುಂದಿಸುತ್ತದೆ. ಕ್ಯಾಡ್ಮಿಯಮ್ ಮೂತ್ರಪಿಂಡಕ್ಕೂ ಎಲುಬಿಗೂ ವೈರಿ. ಇವು ಒಂದು ದಿನದಲ್ಲಿ ಕೊಲ್ಲುವುದಿಲ್ಲ. ಮೈಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡುತ್ತ ಹೋಗುತ್ತವೆ. ಆದ್ದರಿಂದಲೇ ಇವುಗಳ ವಿಷಯದಲ್ಲಿ ಆಳುವವರಿಗೆ ಅವಸರವಿಲ್ಲ. ವಾಂತಿಭೇದಿಯಾದರೆ ಅಧಿಕಾರಿಯ ಗಾಡಿ ಅದೇ ದಿನ ಊರಿಗೆ ಬರುತ್ತದೆ. ಇಪ್ಪತ್ತು ವರ್ಷದ ಮೇಲೆ ಮೂತ್ರಪಿಂಡ ಕೆಟ್ಟವನ ಮನೆಗೆ ಯಾವ ಗಾಡಿಯೂ ಬರುವುದಿಲ್ಲ.

ಬಬಲೇಶ್ವರದಂಥ ಒಕ್ಕಲುತನದ ಸೀಮೆಗೆ ಈ ಲೋಹಗಳೆಲ್ಲಿಂದ ಬರಬೇಕು ಎಂದು ಕೆಲವರು ಕೇಳಬಹುದು. ಹಳೆಯ ಬ್ಯಾಟರಿ ಒಡೆಯುವ ಅಂಗಡಿಯಿಂದ ಸೀಸ ಬರುತ್ತದೆ. ಕಬ್ಬಿಣದ ಸಾಮಾನಿಗೆ ಲೋಹದ ಮೆರುಗು ಕೊಡುವ ಕಾರಖಾನೆಯಿಂದ ಕ್ರೋಮಿಯಮ್, ನಿಕ್ಕಲ್, ಸತು ಬರುತ್ತವೆ. ದ್ರಾಕ್ಷಿಯ ತೋಟಗಳಲ್ಲಿ ಬೂಜುರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ, ಮೈಲುತುತ್ತವೆಂದರೆ ತಾಮ್ರ. ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ ೧೮೮೫ರ ಸುಮಾರಿಗೆ ಹುಟ್ಟಿದ ಈ ಔಷಧಿ ಅಲ್ಲಿಯ ಹಳೆಯ ತೋಟಗಳ ಮಣ್ಣಿನಲ್ಲಿ ತಾಮ್ರದ ಗಂಟನ್ನೇ ಇಟ್ಟುಹೋಗಿದೆ. ನಮ್ಮ ಎರೆಯ ಮಣ್ಣು ಸುಣ್ಣದ ಅಂಶವುಳ್ಳದ್ದು. ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ, ಬೇಗನೆ ಅಂತರ್ಜಲಕ್ಕೆ ಬಿಡುವುದಿಲ್ಲ. ಅದು ನಮ್ಮ ಭಾಗ್ಯ. ಆದರೆ ಮಣ್ಣು ಕೊಚ್ಚಿಕೊಂಡು ಹೋಗಿ ಕೆರೆಯ ತಳದಲ್ಲಿ ಕುಳಿತರೆ ತಾಮ್ರವೂ ಅದರೊಡನೆ ಅಲ್ಲಿಗೇ ಹೋಗುತ್ತದೆ. ಇನ್ನು ಕೃಷ್ಣೆಯ ಮಾತು. ಮೇಲ್ಗಡೆ ಮಹಾರಾಷ್ಟ್ರದಲ್ಲಿ ಇಚಲಕರಂಜಿಯ ಬಟ್ಟೆ ಗಿರಣಿಗಳ ಬಣ್ಣದ ನೀರಿನಿಂದ ಪಂಚಗಂಗೆ ಕೆಟ್ಟ ಕಥೆ ಎಲ್ಲರೂ ಬಲ್ಲದ್ದು. ಆ ಪಂಚಗಂಗೆ ಕೃಷ್ಣೆಗೆ ಸೇರಿದ ಮೇಲೆಯೇ ಕೃಷ್ಣೆ ನಮ್ಮ ಕಡೆಗೆ ಇಳಿಯುವುದು. ದೊಡ್ಡ ಹೊಳೆಯಲ್ಲಿ ವಿಷ ತೆಳುವಾಗುತ್ತದೆ ನಿಜ. ಆದರೆ ತೆಳುವಾಯಿತೋ ಇಲ್ಲವೋ ಎಂಬುದನ್ನು ಅಳೆದು ಹೇಳಬೇಕು, ಊಹಿಸಿ ಹೇಳಬಾರದು.

ಬಬಲೇಶ್ವರದ ಬಾವಿಗಳಲ್ಲಿ ವಿಷವಿದೆಯೆಂದು ಹುಯಿಲೆಬ್ಬಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಳೆಯದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಿದರ್ಶನ ದೂರದಲ್ಲಿಲ್ಲ. ನೆರೆಯ ಯಾದಗಿರಿ ಜಿಲ್ಲೆಯಲ್ಲಿ ಹಳೆಯ ಚಿನ್ನದ ಗಣಿಯ ಸೀಮೆಯಾದ ಕಿರದಳ್ಳಿ ತಾಂಡಾದ ಜನ ಕೊಳವೆ ಬಾವಿಯ ನೀರನ್ನು ಅಮೃತವೆಂದೇ ಕುಡಿದರು. ಅದರಲ್ಲಿ ಆರ್ಸೆನಿಕ್ ಎಂಬ ಪಾಷಾಣವಿತ್ತೆಂಬುದು ಅವರ ಚರ್ಮದ ಮೇಲೆ ರೋಗ ಮೂಡಿದ ಮೇಲೆ ಹೊರಬಿತ್ತು. ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಮೆರುಗು ಕೊಡುವ ಕಾರಖಾನೆಗಳ ಕ್ರೋಮಿಯಮ್ ಅಂತರ್ಜಲಕ್ಕೆ ಇಳಿದದ್ದೂ ಹೀಗೆಯೇ ತಡವಾಗಿ ತಿಳಿಯಿತು. ನಮ್ಮದು ಕರಿಕಲ್ಲಿನ ನೆಲ, ಚಿನ್ನದ ಗಣಿಯ ಶಿಲೆ ಇಲ್ಲಿಲ್ಲ; ಪೀಣ್ಯದಷ್ಟು ಕಾರಖಾನೆಗಳೂ ಇಲ್ಲಿಲ್ಲ. ಆದ್ದರಿಂದಲೇ ನಮಗೆ ಈಗ ಸಮಯವಿದೆ. ರೋಗ ಬಂದ ಮೇಲೆ ಅಳೆಯುವ ಬದಲು ಬರುವ ಮುನ್ನ ಅಳೆಯುವ ಅವಕಾಶ ನಮಗುಂಟು.

ಸಿಪ್ಪೆ ಹಿಡಿಯುವ ಬಗೆ

ಈ ಸಿಪ್ಪೆಯ ವಿದ್ಯೆಯಲ್ಲಿ ಮಂತ್ರತಂತ್ರವೇನೂ ಇಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾಮಗಾರನಿಗೆ ಇದು ಅರ್ಧ ಗೊತ್ತೇ ಇದೆ. ಹತ್ತಿಯ ನೂಲು ಬಣ್ಣ ಹಿಡಿಯುವಂತೆ ಸಿಪ್ಪೆ ಲೋಹ ಹಿಡಿಯುತ್ತದೆ. ಸ್ಪಂಜು ನೀರು ಹೀರಿದಂತೆ ಒಳಗೆ ಹೀರುವುದಲ್ಲ. ತನ್ನ ಮೈಮೇಲೆ ಅಂಟಿಸಿಕೊಳ್ಳುವುದು. ಇದಕ್ಕೆ ಶಾಸ್ತ್ರಜ್ಞರು ಅಧಿಶೋಷಣೆ ಎನ್ನುತ್ತಾರೆ. ಗಿಡಗಳ ನಾರು, ಸಿಪ್ಪೆ, ತೊಗಟೆಗಳೆಲ್ಲ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ವಸ್ತುಗಳಿಂದಾದವು. ಅವುಗಳ ಮೈಮೇಲೆ ಹುಳಿಯ ಗುಣವುಳ್ಳ ಚಿಕ್ಕ ಚಿಕ್ಕ ಕೊಂಡಿಗಳಿರುತ್ತವೆ. ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಮ್ ಕಣಗಳಿಗೆ ಧನ ವಿದ್ಯುತ್ತಿನ ಅಂಶವಿರುವುದರಿಂದ ಅವು ಈ ಕೊಂಡಿಗಳಿಗೆ ಸಿಕ್ಕಿಕೊಳ್ಳುತ್ತವೆ. ಕೊಂಡಿಯಲ್ಲಿ ಮೊದಲಿದ್ದ ನಿರಪಾಯದ ಸೋಡಿಯಮ್ ಅಥವಾ ಕ್ಯಾಲ್ಸಿಯಮ್ ಬಿಟ್ಟುಹೋಗಿ ನೀರಿಗೆ ಸೇರುತ್ತದೆ. ಅಂಗಡಿಯಲ್ಲಿ ಒಂದು ಸಾಮಾನು ಕೊಟ್ಟು ಇನ್ನೊಂದನ್ನು ತೆಗೆದುಕೊಂಡಂತೆ ಇದೊಂದು ಅದಲಾಬದಲಿ.

ಹಸಿಯ ಸಿಪ್ಪೆಯಲ್ಲಿ ಇಂಥ ಕೊಂಡಿಗಳು ಕಡಿಮೆ. ಅದು ನೀರಿಗೆ ತನ್ನ ಬಣ್ಣ ಬಿಡುತ್ತದೆ, ಎರಡು ದಿನದಲ್ಲಿ ಕೊಳೆಯುತ್ತದೆ. ಆದುದರಿಂದ ಸಂಸ್ಕಾರ ಬೇಕು. ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ನೆನೆಸಿದರೆ ನಾರು ಬಿಚ್ಚಿಕೊಂಡು ಕೊಂಡಿಗಳು ಹೊರಬೀಳುತ್ತವೆ. ನಿಂಬೆಯ ಆಮ್ಲದಲ್ಲಿ ನೆನೆಸಿ ಬಿಸಿ ಗೂಡಿನಲ್ಲಿ ಸುಮಾರು ೧೨೦ ಡಿಗ್ರಿಯಲ್ಲಿ ಕಾಯಿಸಿದರೆ ಆಮ್ಲ ನಾರಿಗೆ ಬೆಸೆದುಕೊಂಡು ಹೊಸ ಕೊಂಡಿಗಳು ಹುಟ್ಟುತ್ತವೆ. ಹುಣಸೆ ಬೀಜದ ಪೊರೆ, ಮರದ ತೊಗಟೆಗಳಂಥ ಒಗರಿನ ವಸ್ತುಗಳು ಬಣ್ಣ ಬಿಡದಂತೆ ಬೇರೆ ರಸಾಯನದಿಂದ ಅವನ್ನು ಬಿಗಿ ಮಾಡುವುದುಂಟು. ಗಾಳಿ ತಾಗದಂತೆ ಸುಟ್ಟು, ಆಮ್ಲ ಹಾಕಿ ಚುರುಕುಗೊಳಿಸಿದ ಇದ್ದಲು ಮಾಡುವುದು ಇನ್ನೊಂದು ದಾರಿ. ಸಕ್ಕರೆಯ ಪಾಕದ ಬಣ್ಣ ತೆಗೆಯಲು ಇದ್ದಲನ್ನು ಬಹಳ ಹಿಂದಿನಿಂದಲೂ ಬಳಸಿದ್ದಾರೆ. ಕಬ್ಬಿನ ನಾಡಾದ ಬ್ರೆಜಿಲಿನಲ್ಲಿ ವಿಶ್ವವಿದ್ಯಾಲಯದವರು ಕಬ್ಬಿನ ಸಿಪ್ಪೆಗೇ ಇಂಥ ಸಂಸ್ಕಾರಗಳನ್ನು ಕೊಟ್ಟು ಸೀಸ, ತಾಮ್ರ, ಕ್ಯಾಡ್ಮಿಯಮ್‌ಗಳನ್ನು ಚೆನ್ನಾಗಿ ಹಿಡಿಯಬಹುದೆಂದು ತೋರಿಸಿದ್ದಾರೆ. ನಮ್ಮಲ್ಲಿ ಕಬ್ಬಿಗೆ ಬರವಿಲ್ಲ, ನಿಂಬೆಗಂತೂ ಇಂಡಿಯ ಹೆಸರು ದೇಶಕ್ಕೆಲ್ಲ ಗೊತ್ತು.

ಡೋಣಿಯ ನೀರು ಬಟ್ಟಿ ಇಳಿಸಿದ ನೀರಲ್ಲ

ಇಷ್ಟು ಓದಿದ ಮೇಲೆ ಕೊಡದಲ್ಲಿ ಒಂದು ಹಿಡಿ ಶೇಂಗಾ ಹೊಟ್ಟು ಹಾಕಿ ನೀರು ಕುಡಿಯುವ ಕೆಲಸವನ್ನು ಯಾರೂ ಮಾಡಬಾರದು. ಮನೆಯ ಪ್ರಯೋಗಕ್ಕೆ ಇದು ತಕ್ಕುದಲ್ಲ. ಪ್ರಯೋಗಶಾಲೆಯ ಯಶಸ್ಸಿಗೂ ನಮ್ಮೂರಿನ ನೀರಿಗೂ ನಡುವೆ ಮೂರು ಅಡ್ಡಿಗಳಿವೆ. ಅವನ್ನು ಮುಚ್ಚಿಟ್ಟು ಮಾಲು ಮಾರಲು ಬರುವವರನ್ನು ನಂಬಬಾರದು.

ಮೊದಲನೆಯದು ನಮ್ಮ ನೀರಿನ ಗಡಸುತನ. ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಬಟ್ಟಿ ಇಳಿಸಿದ ಶುದ್ಧ ನೀರಿಗೆ ಸೀಸ ಬೆರೆಸಿ ಪರೀಕ್ಷೆ ಮಾಡುತ್ತಾರೆ. ಸಾರವಾಡದ ಬಳಿ ಹರಿಯುವ ಡೋಣಿಯ ನೀರು ನಾಲಗೆಗೆ ಇಟ್ಟರೆ ಉಪ್ಪು. ನಮ್ಮ ಕೊಳವೆ ಬಾವಿಗಳ ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆ ಬಾರದು ಎಂದು ಮನೆಯ ಹೆಣ್ಣುಮಕ್ಕಳು ದಿನವೂ ಹೇಳುವ ಮಾತು. ಅಂದರೆ ಅದರಲ್ಲಿ ಕ್ಯಾಲ್ಸಿಯಮ್, ಮೆಗ್ನೀಸಿಯಮ್ ತುಂಬಿವೆ. ಲೀಟರಿಗೆ ನೂರು ಮಿಲಿಗ್ರಾಂ ಕ್ಯಾಲ್ಸಿಯಮ್ ಇರುವಲ್ಲಿ ೦.೧ ಮಿಲಿಗ್ರಾಂ ಸೀಸವಿದ್ದರೆ, ಸಿಪ್ಪೆಯ ಬಾಗಿಲಲ್ಲಿ ಒಬ್ಬ ಕಳ್ಳನ ಜೊತೆಗೆ ಸಾವಿರ ಜನ ಸಾಧುಗಳು ನೂಕಾಡುತ್ತಾರೆ. ಸಿಪ್ಪೆಗೆ ಸೀಸದ ಮೇಲೆ ಒಲವು ಹೆಚ್ಚೆಂಬುದು ನಿಜ. ಆದರೂ ಜಾಗದ ಬಹುಪಾಲು ಸಾಧುಗಳೇ ಹಿಡಿದಿರುತ್ತಾರೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಗ್ರಾಂ ಸಿಪ್ಪೆ ಒಳ್ಳೆಯ ಸ್ಥಿತಿಯಲ್ಲಿ ೨೦ ಮಿಲಿಗ್ರಾಂ ಸೀಸ ಹಿಡಿಯುತ್ತದೆ ಎನ್ನೋಣ. ನೀರಿನಲ್ಲಿ ಲೀಟರಿಗೆ ೦.೧ ಮಿಲಿಗ್ರಾಂ ಸೀಸವಿದೆ, ಅದನ್ನು ೦.೦೧ಕ್ಕೆ ಇಳಿಸಬೇಕು. ದಿನಕ್ಕೆ ೨೦ ಲೀಟರು ನೀರು ಬೇಕಾದ ಸಂಸಾರಕ್ಕೆ ದಿನವೂ ೧.೮ ಮಿಲಿಗ್ರಾಂ ಸೀಸ ತೆಗೆಯಬೇಕಾಯಿತು. ಕಾಗದದ ಮೇಲೆ ಒಂದು ಗ್ರಾಂ ಸಿಪ್ಪೆ ಹನ್ನೊಂದು ದಿನ ಬರುತ್ತದೆ. ಆದರೆ ನೀರು ಗಡಸಾಗಿ, ಸೀಸ ತೆಳುವಾಗಿದ್ದಾಗ ಸಿಪ್ಪೆಯ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂದರೆ, ಅದೇ ಒಂದು ಗ್ರಾಂ ಒಂದು ದಿನವಷ್ಟೇ ಬಾಳುತ್ತದೆ. ಹನ್ನೆರಡನೆಯ ದಿನ ಬದಲಿಸಬೇಕೋ ಎರಡನೆಯ ದಿನ ಬದಲಿಸಬೇಕೋ ಎಂಬುದನ್ನು ನಮ್ಮದೇ ನೀರಿನಿಂದ ಪರೀಕ್ಷಿಸಿ ತಿಳಿಯಬೇಕು. ತಿಳಿಯದಿದ್ದರೆ ತುಂಬಿಹೋದ ಸಿಪ್ಪೆಯ ಮೂಲಕ ವಿಷದ ನೀರು ಹಾಗೆಯೇ ದಾಟಿ ಬರುತ್ತದೆ; ಕುಡಿಯುವವನು ಮಾತ್ರ ತಾನು ಸೋಸಿದ ನೀರು ಕುಡಿಯುತ್ತಿದ್ದೇನೆಂದು ನಂಬಿರುತ್ತಾನೆ.

ಎರಡನೆಯ ಅಡ್ಡಿ, ಒಂದೇ ಸಿಪ್ಪೆಗೆ ಎಲ್ಲ ಲೋಹಗಳೂ ಸಿಕ್ಕುವುದಿಲ್ಲ. ವಿಷದ ರೂಪದ ಕ್ರೋಮಿಯಮ್ ಮತ್ತು ಆರ್ಸೆನಿಕ್ ನೀರಿನಲ್ಲಿ ಬೇರೆ ವೇಷ ಹಾಕಿಕೊಂಡಿರುತ್ತವೆ. ಅವುಗಳಲ್ಲಿ ಧನ ವಿದ್ಯುತ್ತಿಲ್ಲ. ಕ್ರೋಮಿಯಮ್‌ಗೆ ನೀರು ಹುಳಿಯಾಗಿರಬೇಕು, ಆರ್ಸೆನಿಕ್ಕಿಗೆ ಸಿಪ್ಪೆಯ ಮೇಲೆ ಕಬ್ಬಿಣದ ಲೇಪ ಬೇಕು. ನಮ್ಮ ಸೀಮೆಯ ಹಲವು ಹಳ್ಳಿಗಳನ್ನು ಕಾಡುವ ಫ್ಲೋರೈಡ್ ಭಾರಲೋಹವೇ ಅಲ್ಲ. ಬರಿಯ ಸಿಪ್ಪೆ ಅದನ್ನು ತಡೆಯಲಾರದು. ಮೂರನೆಯದು, ಸಂಸ್ಕಾರಕ್ಕೆ ಬಳಸಿದ ಆಮ್ಲ, ಸೋಡಾಗಳ ತೊಳೆನೀರು. ಊರಿನ ನೀರು ಶುದ್ಧ ಮಾಡುವ ಸಿಪ್ಪೆ ತಯಾರಿಸಲು ಇನ್ನೊಂದು ಊರಿನ ಹಳ್ಳ ಕೆಡಿಸಿದರೆ ಬಂದ ಲಾಭವೇನು?

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಿದೆ. ಈ ಸಿಪ್ಪೆಯ ಮೊದಲ ಕೆಲಸ ಬಡವರ ಅಡಿಗೆಮನೆಯಲ್ಲಿಲ್ಲ. ವಿಷ ಹುಟ್ಟುವ ಕಾರಖಾನೆಯ ಚರಂಡಿಯ ಬಾಯಲ್ಲಿದೆ. ಅಲ್ಲಿ ವಿಷ ಗಟ್ಟಿಯಾಗಿರುತ್ತದೆ, ನೀರು ಕಡಿಮೆ ಇರುತ್ತದೆ, ಹುಳಿ-ಕ್ಷಾರ ಹದ ಮಾಡಿಕೊಳ್ಳಬಹುದು. ಸಿಪ್ಪೆ ತನ್ನ ಪೂರ್ಣ ಶಕ್ತಿಗೆ ದುಡಿಯುತ್ತದೆ. ದಿನಕ್ಕೆ ಹತ್ತು ಸಾವಿರ ಲೀಟರು ಹೊಲಸು ನೀರು ಬಿಡುವ ಒಂದು ಕಾರಖಾನೆ. ಆ ನೀರಿನ ಪ್ರತಿ ಲೀಟರಿನಲ್ಲಿ ೫೦ ಮಿಲಿಗ್ರಾಂ ತಾಮ್ರ. ಗ್ರಾಮಿಗೆ ೨೦ ಮಿಲಿಗ್ರಾಂ ಹಿಡಿಯುವ ಸಿಪ್ಪೆ - ಎಂದರೆ ದಿನಕ್ಕೆ ೨೫ ಕಿಲೋ ಸಿಪ್ಪೆ ಸಾಕು. ಒಂದು ಟನ್ ಕಬ್ಬು ಅರೆದರೆ ಇನ್ನೂರೆಂಬತ್ತು ಮುನ್ನೂರು ಕಿಲೋ ಹಸಿ ಸಿಪ್ಪೆ ಬರುತ್ತದೆಂಬುದನ್ನು ಸಕ್ಕರೆ ಕಾರಖಾನೆಯ ಕಾಮಗಾರರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಚರಂಡಿಯ ಬಾಯಲ್ಲಿ ೨೫ ಕಿಲೋ ಸಿಪ್ಪೆಯಿಂದ ಆಗುವ ಕೆಲಸವನ್ನು ಅಲ್ಲಿ ಮಾಡದೆ ಬಿಟ್ಟು, ಆಮೇಲೆ ಸಾವಿರ ಮನೆಗಳ ಸಾವಿರ ಕೊಡಗಳಲ್ಲಿ ಮಾಡಿರೆಂದು ಬೋಧಿಸುವುದು ಯಾವ ನ್ಯಾಯ?

ತೋರಿಕೆಯ ಯಂತ್ರ

ಸೋಸುವ ಯಂತ್ರದ ಹೆಸರಿನಲ್ಲಿ ಜನರ ಕಣ್ಣಿಗೆ ಮಣ್ಣೆರಚಿದ ಕಥೆ ಜಗತ್ತಿನಲ್ಲಿ ಈಗಾಗಲೇ ನಡೆದುಹೋಗಿದೆ. ಜಪಾನಿನ ಮಿನಮಾತಾ ಊರಿನ ರಾಸಾಯನಿಕ ಕಾರಖಾನೆ ಪಾದರಸವಿದ್ದ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಸತ್ತವು. ೧೯೫೬ರಲ್ಲಿ ಮೀನುಗಾರರ ಮಕ್ಕಳಲ್ಲಿ ಅದೇ ರೋಗ ಅಧಿಕೃತವಾಗಿ ಗುರುತಾಯಿತು. ೧೯೫೯ರಲ್ಲಿ ಕಾರಖಾನೆಯದೇ ಆಸ್ಪತ್ರೆಯ ವೈದ್ಯರು ಕಾರಖಾನೆಯ ಹೊಲಸು ನೀರನ್ನು ಬೆಕ್ಕಿಗೆ ತಿನ್ನಿಸಿ ರೋಗ ಬರುವುದನ್ನು ಕಂಡರು. ಒಡೆಯರು ಅದನ್ನು ಮುಚ್ಚಿಟ್ಟರು. ಅದೇ ವರ್ಷದ ಕೊನೆಗೆ ದೊಡ್ಡ ಸಮಾರಂಭ ಮಾಡಿ ನೀರು ಶುದ್ಧಗೊಳಿಸುವ ಯಂತ್ರವೊಂದನ್ನು ಉದ್ಘಾಟಿಸಿದರು. ಕಾರಖಾನೆಯ ಅಧ್ಯಕ್ಷರು ಎಲ್ಲರೆದುರಿಗೆ ಒಂದು ಲೋಟ ನೀರು ಕುಡಿದು ತೋರಿಸಿದರು. ಆ ಯಂತ್ರ ಪಾದರಸ ತೆಗೆಯುವಂಥದೇ ಅಲ್ಲವಾಗಿತ್ತು. ಲೋಟದಲ್ಲಿದ್ದದ್ದು ವಿಷದ ವಿಭಾಗದಿಂದ ಬಂದ ನೀರೂ ಅಲ್ಲವಾಗಿತ್ತು. ಕಾರಣ ಕಾರಖಾನೆಯೇ ಎಂದು ಅಲ್ಲಿಯ ಸರಕಾರ ಒಪ್ಪಿದ್ದು ೧೯೬೮ರಲ್ಲಿ. ನಡುವಿನ ಹನ್ನೆರಡು ವರ್ಷ ಜನ ಮೀನು ತಿನ್ನುತ್ತಲೇ ಇದ್ದರು.

ಈ ಕಥೆಯಿಂದ ನಾವು ಕಲಿಯಬೇಕಾದ ಪಾಠವಿದು: ಯಂತ್ರವಿದೆಯೋ ಇಲ್ಲವೋ ಎಂದು ಕೇಳಬಾರದು; ಯಂತ್ರಕ್ಕೆ ಹೋಗುವ ನೀರಿನಲ್ಲಿ ಎಷ್ಟಿತ್ತು, ಹೊರಬಂದ ನೀರಿನಲ್ಲಿ ಎಷ್ಟಿದೆ ಎಂದು ಕೇಳಬೇಕು. ಹಳ್ಳಿಹಳ್ಳಿಗಳಲ್ಲಿ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳೊಳಗಿನ ತೆಳು ಪೊರೆ ಚೆನ್ನಾಗಿದ್ದಾಗ ಲೋಹವನ್ನೂ ಉಪ್ಪನ್ನೂ ತಡೆಯುತ್ತದೆ. ಕೆಟ್ಟರೆ ತಡೆಯುವುದಿಲ್ಲ. ಚೆನ್ನಾಗಿದ್ದಾಗಲೂ ಒಳಹೋದ ನೀರಿನ ದೊಡ್ಡದೊಂದು ಪಾಲು, ತಡೆದ ಉಪ್ಪು ವಿಷಗಳನ್ನೆಲ್ಲ ಹೊತ್ತುಕೊಂಡು ಹಿಂದಿನ ಗಟಾರಕ್ಕೆ ಹರಿಯುತ್ತದೆ. ಆ ಗಟಾರ ಯಾವ ಬಾವಿಯ ಬಳಿ ಇಂಗುತ್ತದೆ ಎಂದು ಕೇಳಿದವರೆಷ್ಟು ಮಂದಿ?

ಕಸಕ್ಕೂ ಒಡೆಯನಿದ್ದಾನೆ

ಸಿಪ್ಪೆ ಪುಕ್ಕಟೆ ಸಿಗುವ ಕಸವೆಂಬ ಮಾತು ಪಟ್ಟಣದ ಮೇಜಿನ ಮುಂದೆ ಹುಟ್ಟಿದ ಮಾತು. ಜೋಳದ ಕಣಿಕೆ ಕಸವಲ್ಲ, ಎತ್ತಿನ ಹೊಟ್ಟೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಬಡವರ ಒಲೆಯ ಉರುವಲು. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರಖಾನೆಗಳು ಕುದಿಪಾತ್ರೆಗೆ ಉರಿಸಿ ವಿದ್ಯುತ್ತು ಮಾಡುತ್ತವೆ. ಇಂದು ಕೇಳುವವರಿಲ್ಲದ ಹೊಟ್ಟಿಗೆ ನಾಳೆ ಬೇಡಿಕೆ ಬಂದರೆ, ನಡುವಿನ ದಲಾಲ ಅದನ್ನು ರೈತನಿಂದ ಕಸದ ಬೆಲೆಗೆ ಕೊಂಡು, ಸಂಸ್ಕಾರ ಮಾಡಿ, ಚೆಂದದ ಡಬ್ಬಿಯಲ್ಲಿ ತುಂಬಿ ಅದೇ ರೈತನಿಗೆ ಔಷಧಿಯ ಬೆಲೆಗೆ ಮಾರುವನು. ಹತ್ತಿಯ ವಿಷಯದಲ್ಲಿ ನಡೆದ ಆಟ ಹೊಟ್ಟಿನ ವಿಷಯದಲ್ಲಿ ನಡೆಯುವುದಿಲ್ಲವೆಂದು ನಂಬಲು ಕಾರಣವಿಲ್ಲ. ಮೇವು, ಉರುವಲುಗಳನ್ನು ಮುಟ್ಟದೆ, ಹುಣಸೆ ಬೀಜದ ಪೊರೆ, ಶೇಂಗಾ ಹೊಟ್ಟು, ಹಣ್ಣಿನ ರಸದಂಗಡಿಯ ಸಿಪ್ಪೆ, ಕಬ್ಬಿನ ಸಿಪ್ಪೆಯ ಒಂದು ಚಿಕ್ಕ ಪಾಲು - ಇಷ್ಟರಲ್ಲಿಯೇ ಈ ಕೆಲಸ ಆಗಬಲ್ಲದು. ಅದು ಸಹಕಾರಿ ಸಂಘದ ಕೈಯಲ್ಲಿ ಆಗಬೇಕು. ಬಬಲೇಶ್ವರ ತಾಲೂಕಿನ ಕೃಷ್ಣಾನಗರದಲ್ಲಿ ನಂದಿ ಸಹಕಾರಿ ಸಕ್ಕರೆ ಕಾರಖಾನೆಯಿದೆ. ವಿಜಯಪುರದಲ್ಲಿ ಹಲಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು, ತೊರವಿಯ ಬಳಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇವೆ. ಸಿಪ್ಪೆ, ವಿದ್ಯೆ, ನೀರು ಮೂರೂ ಒಂದೇ ಜಿಲ್ಲೆಯಲ್ಲಿರುವಾಗ ಇವನ್ನು ಒಂದೆಡೆ ಕೂಡಿಸುವ ಕೆಲಸ ಸರಕಾರದ್ದಲ್ಲದೆ ಇನ್ನಾರದ್ದು?

ಸೋಸಿದ ಮೇಲೆ ಉಳಿಯುವುದು

ಈಗ ಎಲ್ಲಕ್ಕಿಂತ ಮುಖ್ಯ ಪ್ರಶ್ನೆಗೆ ಬರೋಣ. ಲೋಹ ಸುಟ್ಟುಹೋಗುವುದಿಲ್ಲ, ಕೊಳೆತುಹೋಗುವುದಿಲ್ಲ. ನೀರಿನಿಂದ ತೆಗೆದ ಲೋಹವೆಲ್ಲ ಸಿಪ್ಪೆಯ ಮೇಲೆ ಕುಳಿತಿರುತ್ತದೆ. ಮೇಲಿನ ಲೆಕ್ಕದ ಕಾರಖಾನೆಯಲ್ಲಿ ದಿನಕ್ಕೆ ೨೫ ಕಿಲೋ, ತಿಂಗಳಿಗೆ ೭೫೦ ಕಿಲೋ ವಿಷ ಹಿಡಿದ ಸಿಪ್ಪೆ ಹೊರಬೀಳುತ್ತದೆ. ಅದನ್ನು ಊರ ಹೊರಗಿನ ತಿಪ್ಪೆಗೆ ಹಾಕಿದರೆ ಮೊದಲ ಮಳೆಗೆ ಲೋಹ ಮತ್ತೆ ನೀರಿಗಿಳಿಯುತ್ತದೆ. ಉರು‌ವಲೆಂದು ಯಾವಳೋ ತಾಯಿ ಒಲೆಗೆ ಹಾಕಿದರೆ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ. ಗೊಬ್ಬರವೆಂದು ಹೊಲಕ್ಕೆ ಹೋದರೆ ಪಲ್ಯದಲ್ಲಿ ಮನೆಗೆ ಬರುತ್ತದೆ. ಊರ ಹೊರಗಿನ ತಿಪ್ಪೆಯ ಪಕ್ಕದಲ್ಲಿ ಯಾರ ಗುಡಿಸಲುಗಳಿರುತ್ತವೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೂ ದಾರಿಯಿಲ್ಲದಿಲ್ಲ. ತೆಳು ಆಮ್ಲದಿಂದ ತೊಳೆದರೆ ಸಿಪ್ಪೆ ಲೋಹವನ್ನು ಬಿಟ್ಟುಕೊಡುತ್ತದೆ. ಹತ್ತು ಸಾವಿರ ಲೀಟರಿನಲ್ಲಿದ್ದ ತಾಮ್ರ ಅದಕ್ಕಿಂತ ಬಹಳ ಕಡಿಮೆ ನೀರಿಗೆ ಬರುತ್ತದೆ. ಅಲ್ಲಿಂದ ತಾಮ್ರವನ್ನು ಮರಳಿ ತೆಗೆದು ಮಾರಬಹುದು, ಸಿಪ್ಪೆಯನ್ನು ಇನ್ನೂ ಕೆಲವು ಸಲ ಬಳಸಬಹುದು. ಕೊನೆಗೆ ಉಳಿಯುವ ಸಿಪ್ಪೆಯನ್ನು ೨೦೧೬ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ವಿಷದ ಕಸವೆಂದು ದಾಖಲಿಸಿ, ಅದಕ್ಕೆಂದೇ ಕಟ್ಟಿದ ಸ್ಥಳಕ್ಕೆ ಸಾಗಿಸಬೇಕು. ಅಂಥ ಸ್ಥಳವೊಂದು ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿದೆ. ನಮ್ಮಿಂದ ಐನೂರು ಕಿಲೋಮೀಟರಿನಷ್ಟು ದೂರ. ಬ್ಯಾಟರಿ ಅಂಗಡಿಯ ಸಣ್ಣ ವ್ಯಾಪಾರಿ ಎರಡು ಚೀಲ ಸಿಪ್ಪೆ ಹೊತ್ತು ಅಲ್ಲಿಗೆ ಹೋಗುವನೇ? ಹೋಗಲಾರ. ರಾತ್ರಿ ಹಳ್ಳಕ್ಕೆ ಸುರಿಯುವನು. ಆಮೇಲೆ ಅವನೊಬ್ಬನನ್ನು ಹಿಡಿದು ದಂಡ ಹಾಕಿ ಅಧಿಕಾರಿಗಳು ಕೈ ತೊಳೆದುಕೊಳ್ಳುವರು. ಸಣ್ಣವನಿಗೆ ಕಾನೂನು ಪಾಲಿಸುವ ದಾರಿಯನ್ನೇ ತೆರೆಯದೆ ದಂಡ ಹಾಕುವುದು ನ್ಯಾಯವಲ್ಲ. ಹಾಗೆಂದು ದಾರಿಯಿಲ್ಲವೆಂಬ ನೆಪದಿಂದ ನೆರೆಯವನ ಬಾವಿ ಕೆಡಿಸುವ ಹಕ್ಕೂ ಅವನಿಗಿಲ್ಲ.

ಕೆಡಿಸಿದವನೇ ತೆರಬೇಕೆಂಬ ತತ್ವ ಈ ದೇಶದ ಕಾನೂನಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ ೧೯೯೬ರಲ್ಲಿ ತಮಿಳುನಾಡಿನ ವೆಲ್ಲೂರಿನ ಕಡೆಯ ತೊಗಲು ಹದಮಾಡುವ ಕಾರಖಾನೆಗಳ ಪ್ರಕರಣದಲ್ಲಿ ಸಾರಿ ಹೇಳಿದೆ. ಪಾಲಾರ್ ನದಿಯ ಬಯಲಿನ ನೀರು ಕೆಟ್ಟುಹೋದ ಪ್ರಕರಣವದು. ಜಲ ಮಾಲಿನ್ಯ ತಡೆಯುವ ಕಾಯ್ದೆ ೧೯೭೪ರಿಂದಲೇ ಇದೆ. ಕಾನೂನಿಗೆ ಕೊರತೆಯಿಲ್ಲ, ಕಾನೂನನ್ನು ಚರಂಡಿಯ ಬಾಯಿಯವರೆಗೆ ನಡೆಸಿಕೊಂಡು ಹೋಗುವ ಕಾಲಿಗೆ ಕೊರತೆ.

ನಾವು ಕೇಳುವುದು

ಮೊದಲನೆಯದಾಗಿ, ಬಬಲೇಶ್ವರ, ತಿಕೋಟಾ ಮತ್ತು ವಿಜಯಪುರದ ಕುಡಿಯುವ ನೀರಿನ ಎಲ್ಲ ಮೂಲಗಳಲ್ಲಿ ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಒಮ್ಮೆ ಭಾರಲೋಹಗಳ ಪರೀಕ್ಷೆಯಾಗಬೇಕು. ಹಳ್ಳಿಗಳಿಗೆ ಕೊಟ್ಟಿರುವ ಪರೀಕ್ಷೆಯ ಪೆಟ್ಟಿಗೆ ಗಡಸುತನ, ಫ್ಲೋರೈಡ್, ನೈಟ್ರೇಟುಗಳನ್ನು ಹೇಳುತ್ತದೆ. ಸೀಸ, ಕ್ಯಾಡ್ಮಿಯಮ್‌ಗಳಿಗೆ ದೊಡ್ಡ ಯಂತ್ರವುಳ್ಳ ಪ್ರಯೋಗಶಾಲೆಯೇ ಬೇಕು. ಬಂದ ಅಂಕಿಗಳನ್ನು ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಕಡತದಲ್ಲಿ ಕುಳಿತ ಅಂಕಿಯಿಂದ ಯಾರ ಮಗುವಿಗೂ ಪ್ರಯೋಜನವಿಲ್ಲ.

ಎರಡನೆಯದಾಗಿ, ದೊಡ್ಡ ಕಾರಖಾನೆಗಳು ತಮ್ಮ ಚರಂಡಿಯ ಬಾಯಲ್ಲಿ ತಮ್ಮ ಖರ್ಚಿನಿಂದಲೇ ಲೋಹ ತಡೆಯಬೇಕು. ಬ್ಯಾಟರಿ, ಮೆರುಗು, ಬಣ್ಣದ ಸಣ್ಣ ಅಂಗಡಿಗಳಿಗಾಗಿ ಸರಕಾರವೇ ಒಂದು ಕೂಡು ಘಟಕ ಕಟ್ಟಿ, ಅಂಗಡಿಯ ವಹಿವಾಟಿಗೆ ತಕ್ಕಷ್ಟು ಮಾತ್ರ ಶುಲ್ಕ ತೆಗೆದುಕೊಳ್ಳಬೇಕು. ಬಳಸಿದ ಸಿಪ್ಪೆಯನ್ನು ವಾರವಾರವೂ ಬಂದು ತೂಗಿ ಒಯ್ಯುವ ವ್ಯವಸ್ಥೆ ಜಿಲ್ಲೆಯಲ್ಲಿಯೇ ಆಗಬೇಕು. ಎಷ್ಟು ಕಿಲೋ ಒಳಗೆ ಬಂತು, ಎಷ್ಟು ಕಿಲೋ ಹೊರಗೆ ಹೋಯಿತು ಎಂಬುದನ್ನು ಅಡತಿಯ ಖಾತೆಯಂತೆ ಬರೆದಿಡಬೇಕು. ಕಿರಾಣಿ ಅಂಗಡಿಯವ ಸೇರು ಸಕ್ಕರೆಯ ಲೆಕ್ಕ ಇಡುತ್ತಾನೆ. ವಿಷದ ಲೆಕ್ಕ ಇಡುವುದು ಸರಕಾರಕ್ಕೆ ಭಾರವಾಗಬಾರದು.

ಮೂರನೆಯದಾಗಿ, ನಮ್ಮದೇ ಗಡಸು ನೀರಿನಲ್ಲಿ, ನಮ್ಮದೇ ಸಿಪ್ಪೆಯಿಂದ, ಒಂದು ಪೂರ್ಣ ವರ್ಷ ಪ್ರಯೋಗ ನಡೆಯಬೇಕು. ಗೆದ್ದರೂ ಸೋತರೂ ಫಲ ಬಹಿರಂಗವಾಗಬೇಕು. ನಾಲ್ಕನೆಯದಾಗಿ, ಈ ಸಿಪ್ಪೆ ತುಂಬುವ, ತೊಳೆಯುವ, ಹೊರುವ ಕಾಮಗಾರರಿಗೆ ಕೈಚೀಲ, ಮುಖವಸ್ತ್ರಗಳೂ, ಬ್ಯಾಟರಿ ಒಡೆಯುವವರಿಗೆ ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆಯೂ ಪುಕ್ಕಟೆ ಸಿಗಬೇಕು. ಊರಿನ ನೀರು ಶುದ್ಧವಾಗಲೆಂದು ನಾಲ್ಕು ಮಂದಿ ಕಾಮಗಾರರ ರಕ್ತ ಕೆಡುವುದಾದರೆ ಅದು ಶುದ್ಧಿಯಲ್ಲ. ವಿಷವನ್ನು ಕೊಡದಿಂದ ತೆಗೆದು ಕೂಲಿಯವನ ಮೈಯಲ್ಲಿ ಇಟ್ಟಂತೆ.

ನಾಲ್ಕು ನೂರು ವರ್ಷಗಳ ಹಿಂದೆ ಆದಿಲಶಾಹಿ ಅರಸರು ಈ ಒಣ ನೆಲದಲ್ಲಿ ತಾಜ್ ಬಾವಡಿ ಕಟ್ಟಿಸಿದರು, ಮಮದಾಪುರದಲ್ಲಿ ಕೆರೆ ಕಟ್ಟಿಸಿದರು. ಊರಿಗೆ ನೀರು ಕೊಡುವುದು ಆಳುವವರ ಕೆಲಸವೆಂದು ಸುಲ್ತಾನರ ಕಾಲದಲ್ಲಿಯೂ ಒಪ್ಪಿದ್ದರು. ಮತ ಹಾಕಿ ಸರಕಾರ ನಡೆಸುವ ಜನ ಅದಕ್ಕಿಂತ ಕಡಿಮೆ ಕೇಳುವುದೇಕೆ? ಬರುವ ಗ್ರಾಮಸಭೆಯಲ್ಲಿ, ಗಿರಣಿಯ ಸಂಘದ ಸಭೆಯಲ್ಲಿ, ವ್ಯಾಪಾರಸ್ಥರ ಕೂಟದಲ್ಲಿ ನಮ್ಮ ಓದುಗರು ಎದ್ದು ನಿಂತು ಮೂರು ಮಾತು ಕೇಳಲಿ: ನಮ್ಮ ನೀರಿನಲ್ಲಿ ಸೀಸವೆಷ್ಟು? ಅಳೆದವರಾರು, ಯಾವ ದಿನ? ಸೋಸಿ ತೆಗೆದದ್ದನ್ನು ಎಲ್ಲಿ ಇಟ್ಟಿದ್ದೀರಿ? ಈ ಮೂರಕ್ಕೂ ಕಾಗದದ ಮೇಲೆ ಉತ್ತರ ಬರುವವರೆಗೆ ಯಾರೂ ಕುಳಿತುಕೊಳ್ಳಬಾರದು.